ನಾಗೂಬಾಯಿಯ ಫಾಟಾ

ನಾಗೂಬಾಯಿ ಯಾರನ್ನೂ ನಂಬುತ್ತಿರಲಿಲ್ಲ. ಹಾಲು ತಂದವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಜಾರುತ್ತದೋ ನೋಡುತ್ತಿದ್ದಳು. ಚಹಾ ಕುಡಿದವನು ಗ್ಲಾಸು ಕೆಳಗಿಡುವವರೆಗೆ ಅವನ ಕೈಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಗಂಡ ಹಾಲಸಿದ್ದ ಕುರಿ ಮೇಯಿಸಿ ಬಂದು ಹಸಿವು ಅಂದರೂ, ದಾರಿಯಲ್ಲಿ ಎಲ್ಲಿ ಭಜಿ ತಿಂದು ಬಂದಿದ್ದಾನೋ ಎಂದು ಮೊದಲು ಅವನ ಮುಖ ನೋಡುತ್ತಿದ್ದಳು. ಇಷ್ಟೊಂದು ಸಂಶಯ ಹೊತ್ತುಕೊಂಡು ಹೋಟೆಲು ನಡೆಸುವುದು ಸುಲಭವಲ್ಲ. ಆದರೂ ನಡೆಸಿದಳು, ಚೆನ್ನಾಗಿಯೇ ನಡೆಸಿದಳು.

ಹೋಟೆಲು ಅಂದರೆ ನಾಲ್ಕು ತಗಡು, ಒಂದು ಒಲೆ, ಎರಡು ಬೆಂಚು. ಅದಿದ್ದದ್ದು ಹುಣಸೆ ಫಾಟಾದಲ್ಲಿ, ಅಂದರೆ ಹುಣಸೆ ಮರದ ಹತ್ತಿರ ದಾರಿ ಕವಲೊಡೆಯುವಲ್ಲಿ. ಇಚಲಕರಂಜಿಯಿಂದ ಕೊಲ್ಲಾಪುರದ ಹೆದ್ದಾರಿ ಮುಟ್ಟಲು ಆಗ ಎರಡು ದಾರಿಗಳಿದ್ದವು. ಒಂದು ಫಾಟಾದ ಮೇಲಿನ ಡಾಂಬರು ರಸ್ತೆ, ಇನ್ನೊಂದು ಅದರ ಹಿಂದೆ ಮಾಳ ಹತ್ತಿ ಇಳಿಯುವ ಧೂಳಿನ ರಸ್ತೆ. ಮಾಳದ ಮೇಲೆ ಹೋಗುತ್ತಿದ್ದವರು ಕಡಿಮೆ. ಎಲ್ಲರೂ ಫಾಟಾಕ್ಕೇ ಬರುತ್ತಿದ್ದರು, ಬಂದು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಯಾಕೆಂದರೆ ಹೋಟೆಲಿನ ಮುಂದೆಯೇ ಹಳ್ಳಕ್ಕೆ ಸಂಸ್ಥಾನದ ಕಾಲದಲ್ಲಿ ಕಟ್ಟಿಸಿದ ಒಂದು ಮೋರಿಯಿತ್ತು. ಅದರ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ ದಾಟಬಹುದಾಗಿತ್ತು.

ಕಬ್ಬಿನ ಹಂಗಾಮಿನಲ್ಲಿ ಆ ಮೋರಿಯ ಚಂದ ನೋಡಬೇಕು. ಆ ಕಡೆಯಿಂದ ಕಬ್ಬು ಹೇರಿದ ಎತ್ತಿನ ಗಾಡಿಗಳ ಸಾಲು, ಈ ಕಡೆಯಿಂದ ನೂಲಿನ ಟ್ರಕ್ಕು, ನಡುವೆ ಎಸ್‌ಟಿ ಬಸ್ಸು. ಮಗ್ಗದ ಪಾಳಿ ಬಿಟ್ಟರೆ ಸೈಕಲ್ಲುಗಳು ಸಂದಿ ಸಿಕ್ಕಲ್ಲೆಲ್ಲ ನುಗ್ಗುತ್ತಿದ್ದವು. ಯಾರೂ ಹಿಂದೆ ಸರಿಯುತ್ತಿರಲಿಲ್ಲ. ಟ್ರಕ್ಕಿನವನು ಮರಾಠಿಯಲ್ಲಿ ಬೈದರೆ ಗಾಡಿಯವನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಬೈದು ಬೈದು ಗಂಟಲೊಣಗಿದ ಮೇಲೆ ಇಬ್ಬರೂ ನಾಗೂಬಾಯಿಯ ಬೆಂಚಿನ ಮೇಲೆ ಒಟ್ಟಿಗೇ ಕೂತು ಚಹಾ ಕುಡಿಯುತ್ತಿದ್ದರು. ಊರೆಲ್ಲ ಶಾಪ ಹಾಕುತ್ತಿದ್ದ ಆ ಮೋರಿಗೆ ನಾಗೂಬಾಯಿ ಅಮಾವಾಸ್ಯೆಗೊಮ್ಮೆ ತೆಂಗಿನಕಾಯಿ ಒಡೆಯುತ್ತಿದ್ದಳು.

ಹಂಗಾಮು ಕಾವೇರಿದ್ದ ಒಂದು ದಿನ ಬೆಳಿಗ್ಗೆ ಹುಣಸೆ ಮರದ ಕೆಳಗೆ ಇಬ್ಬರು ಬಂದು ಕುರ್ಚಿ ಹಾಕಿ ಕೂತರು. ಗಾಡಿ ಬಂದಾಗೊಮ್ಮೆ ಕಾಗದದ ಮೇಲೆ ಗೀಟು ಹಾಕತೊಡಗಿದರು. ನಾಗೂಬಾಯಿ ಸ್ವಲ್ಪ ಹೊತ್ತು ಒಲೆಯ ಹೊಗೆಯ ಮರೆಯಿಂದಲೇ ನೋಡಿದಳು. ಆಮೇಲೆ ಚಹಾದ ನೆವ ಮಾಡಿಕೊಂಡು ಹತ್ತಿರ ಹೋದಳು. ಇಬ್ಬರಲ್ಲಿ ಕನ್ನಡದವನು ಧನಪಾಲ, ರಸ್ತೆ ಇಲಾಖೆಯ ಕಾರಕೂನ.

"ಏನ ಬರ್ಯಾಕತ್ತೀರಿ ಸಾಹೇಬ್ರ?"

"ಗಾಡಿ ಎಣಸಾಕತ್ತೇವ್ರಿ ಬಾಯಿ. ಯಾವ ರಸ್ತಾದಾಗ ಎಷ್ಟು ಗಾಡಿ ಹೋಗ್ತಾವ, ಎಲ್ಲಿ ಗದ್ದಲ ಆಗತೈತಿ ಅಂತ. ಮಾಳದ ಮ್ಯಾಲೂ ಇಬ್ಬರು ಕುಂತಾರ."

"ಎಣಿಸಿ?"

"ಮ್ಯಾಲೆ ಕಳಸ್ತೇವಿ."

"ಮ್ಯಾಲಿನವ್ರು ಏನ ಮಾಡ್ತಾರ?"

"ಅದು ನಮಗೆಲ್ಲಿ ಗೊತ್ತಿರ್ತೈತ್ರಿ? ನಮ್ಮ ಕೆಲಸ ಎಣಸೂದು."

ಅಷ್ಟರಲ್ಲಿ ಹಾಲಸಿದ್ದ ಕುರಿಗಳನ್ನು ಮೋರಿ ದಾಟಿಸುತ್ತ ಬಂದ. ಅವನಿಗೆ ಎಲ್ಲವೂ ತಮಾಷೆಯೇ. "ನಮ್ಮ ಕುರಿ ಬರಕೊಂಡ್ರೇನ್ರಿ?" ಎಂದು ನಿಂತ. ಧನಪಾಲ ಕಾಗದದಲ್ಲಿ ಗೆರೆ ಹೊಡೆದ ಅಂಕಣಗಳನ್ನು ಒಂದೊಂದಾಗಿ ನೋಡಿ, "ಬಂಡಿ, ಸೈಕಲ್, ಬಸ್ಸು, ಟ್ರಕ್ಕು. ಕುರಿಗೆ ಖಾನೆ ಇಲ್ಲ ಮಾಮಾ" ಅಂದ. ಕುರಿ ಎಣಿಸಲು ಹೇಳಿದ ಗಂಡನ ಮೇಲೆ ನಾಗೂಬಾಯಿಗೆ ಸಿಟ್ಟು ಬಂತು. ಗಡಹಿಂಗ್ಲಜದ ಹತ್ತಿರದ ಅವಳ ತವರಿನಲ್ಲಿ ಯಾರೂ ಕುರಿಯನ್ನು ಎಣಿಸುತ್ತಿರಲಿಲ್ಲ. ಅವಳ ಅಪ್ಪ ಸಂಜೆ ಹಟ್ಟಿಯ ಬಾಯಲ್ಲಿ ನಿಂತು ಒಂದೊಂದರ ಮುಖ ನೋಡುತ್ತಿದ್ದ, ಯಾವುದು ಬಂದಿಲ್ಲ ಅನ್ನುವುದು ಅವನಿಗೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಬೆರಳು ಮಾಡಿ ಎಣಿಸಿದ ಜೀವ ಕರಗುತ್ತದೆ ಎಂದು ಆ ಮನೆಯ ನಂಬಿಕೆ.

ಅಂದು ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು: "ಇದೆಲ್ಲಾ ಆ ಬಾಳಗೊಂಡನ ಕಿತಾಪತಿ. ಮೋರಿ ಅಗಲ ಮಾಡ್ತಾರ. ಗಾಡಿ ನಿಲ್ಲದಂಗ ಹೋಗ್ತಾವ. ನಮ್ಮ ತಗಡು ಸರಕಾರದ ಜಾಗಾದಾಗ ಐತಿ, ಮೊದಲ ಅದನ್ನ ಕೀಳ್ತಾರ."

ಬಾಳಗೊಂಡ ಮಾಳದ ರಸ್ತೆಯಲ್ಲಿ ಸೈಕಲ್ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಬಡಪಾಯಿ. ಅವನು ಮಾಡಿದ್ದ ತಪ್ಪೆಂದರೆ, ಒಮ್ಮೆ ಇವಳ ಚಹಾ ನೀರಾಗಿದೆ ಅಂದಿದ್ದ.

"ಅಂವಗ ಗಾಳಿ ಹೊಡಿಯೂದ ಮುಗೀವಲ್ದು, ಕಿತಾಪತಿ ಯಾವಾಗ ಮಾಡ್ತಾನ?" ಎಂದು ಹಾಲಸಿದ್ದ ನಕ್ಕ. ನಾಗೂಬಾಯಿ ನಗಲಿಲ್ಲ. ಆ ತಗಡಿನ ಕೆಳಗೆ ಅವಳು ಹತ್ತು ಮಂದಿ ಗಂಡಸರಿಗೆ ಜೋರು ಮಾಡಬಲ್ಲವಳಾಗಿದ್ದಳು. ಅದು ಹೋದರೆ ಮತ್ತೆ ಕಂಬಳಿ ಹೊದ್ದು ಕುರಿಗಳ ಹಿಂದೆ ಊರೂರು ತಿರುಗಬೇಕು. ಅದು ಅವಳಿಗೆ ಬೇಡವಾಗಿತ್ತು.

ಮರುದಿನ ಭೀಮಗೊಂಡ ಅನ್ನುವ ಗಾಡಿಯವನು ಚಹಾಕ್ಕೆ ಬಂದ. ಹತ್ತು ಊರಿನ ಸುದ್ದಿ ಹೊತ್ತು ತಿರುಗುವ ಬಾಯಿ ಅವನದು. ನಾಗೂಬಾಯಿ ದನಿ ಇಳಿಸಿದಳು.

"ಎತ್ತಿನ ಬಂಡಿ ಅಷ್ಟೂ ಬರಕೊಳ್ಳಾಕತ್ತಾರ. ಗಾಲಿ ಮ್ಯಾಲಿನ ಕಬ್ಬಿಣದ ಹಳಿ ಡಾಂಬರ ಕೆಡಸ್ತಾವಂತ. ಇನ್ನ ಏನ ಹಾಕ್ತಾರೋ ಯಾರಿಗ್ಗೊತ್ತು?"

"ಖರೇನ?"

"ನಂಗೇನ ಗೊತ್ತೋ ಯಪ್ಪಾ. ಸುಮ್‌ಸುಮ್ನ ಸರಕಾರ ಬಿಸಲಾಗ ಬಂದು ಕುಂಡರತೈತೇನ?"

ಅವಳು ಹೇಳಿದ್ದು ಅಷ್ಟೇ. ಉಳಿದದ್ದನ್ನು ಊರಿನವರು ತಾವೇ ಸೇರಿಸಿಕೊಂಡರು. ಗಾಡಿಗೆ ಹೊಸ ತೆರಿಗೆ ಬಂತೆಂದು ಗಾಡಿಯವರು ನಂಬಿದರು. ದೀಪವಿಲ್ಲದ ಸೈಕಲ್ ಜಪ್ತಿ ಮಾಡುತ್ತಾರೆಂದು ಮಗ್ಗದವರು, ಗುಟ್ಟಾಗಿ ಜಕಾತಿ ಸುಂಕದ ಲೆಕ್ಕ ನಡೆದಿದೆ ಎಂದು ಟ್ರಕ್ಕಿನವರು. ಸಂಶಯದಲ್ಲಿ ನಾಗೂಬಾಯಿ ಒಬ್ಬಳೇ ಅಲ್ಲ, ಇಡೀ ಸೀಮೆಯೇ ಅವಳ ಬಳಗವಾಗಿತ್ತು. ನೋಡನೋಡುತ್ತಿದ್ದಂತೆ ಗಾಡಿಗಳೆಲ್ಲ ಮಾಳದ ರಸ್ತೆಗೆ ತಿರುಗಿದವು. ಅಲ್ಲೂ ಎಣಿಸುವವರು ಕೂತಿದ್ದು ನಿಜ. ಆದರೆ ಅವರು ಬಾಳಗೊಂಡನ ಅಂಗಡಿಯ ನೆರಳಿನಲ್ಲಿ ಕೂತಿದ್ದರು, ಪಂಕ್ಚರ್ ಹಾಕಿಸಿಕೊಳ್ಳಲು ಬಂದವರೆಂದು ಜನ ತಿಳಿದರು.

ಫಾಟಾದಲ್ಲಿ ಎಸ್‌ಟಿ ಬಸ್ಸು ಬಿಟ್ಟರೆ ಬೇರೆ ಸದ್ದಿಲ್ಲ. ಧನಪಾಲ ಆಕಳಿಸುತ್ತ, "ಇಚಲಕರಂಜಿ ಮಗ್ಗ ಎಲ್ಲಾ ಬಂದ್ ಆದಾವೇನ್ರಿ ಬಾಯಿ?" ಎಂದು ಕೇಳಿದ. "ನಮ್ಮ ರಸ್ತಾ ಯಾವಾಗ್ಲೂ ಹಿಂಗ ಸಾಹೇಬ್ರ. ನೊಣ ಹೊಡಕೋತ ಕುಂಡರ್ತೇನಿ" ಅಂದಳು ನಾಗೂಬಾಯಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಅವನಿಗೆ ಶುಂಠಿ ಜಜ್ಜಿ ಹಾಕಿದ ಚಹಾ ಕೊಟ್ಟಳು. ಎಣಿಕೆ ಮುಗಿಯಿತು, ಕುರ್ಚಿಗಳು ಹೋದವು. ಗಾಡಿಗಳು ಮತ್ತೆ ಬಂದು ಮೋರಿಯ ಮೇಲೆ ಸಿಕ್ಕಿಕೊಂಡವು. ಸರಕಾರಕ್ಕೇ ಟೋಪಿ ಹಾಕಿದೆ ಎಂಬ ಸಂತೋಷಕ್ಕೆ ನಾಗೂಬಾಯಿ ಆ ಅಮಾವಾಸ್ಯೆ ಎರಡು ಕಾಯಿ ಒಡೆದಳು.

ಎರಡು ಮಳೆಗಾಲ ಕಳೆದವು. ಮೂರನೆಯ ಬೇಸಿಗೆಯಲ್ಲಿ ರೋಲರು, ಜಲ್ಲಿ, ಡಾಂಬರಿನ ಪೀಪಾಯಿಗಳು ಬಂದವು. ಫಾಟಾಕ್ಕಲ್ಲ, ಮಾಳದ ರಸ್ತೆಗೆ. ಏರು ಕಡಿದು ಸಮ ಮಾಡಿದರು, ಎರಡು ಟ್ರಕ್ಕು ಎದುರುಬದುರು ಹೋಗುವಷ್ಟು ಅಗಲ ಹಾಕಿದರು. ಕೆಲಸ ನೋಡಲು ಬಂದ ಧನಪಾಲ ಶುಂಠಿ ಚಹಾ ನೆನಪಿಟ್ಟುಕೊಂಡು ಫಾಟಾಕ್ಕೂ ಬಂದ. ನಾಗೂಬಾಯಿ ಕೇಳಿದಳು, "ಅಲ್ಲಿ ಯಾಕ ಹಾಕಿದ್ರಿ?"

"ಎಣಸಿದಾಗ ಗಾಡಿ ಅಲ್ಲೇ ಹೆಚ್ಚು ಬಂದ್ವು ನೋಡ್ರಿ. ಇಲ್ಲಿ ಬಂದಿದ್ರ ಈ ಮೋರಿ ಒಡದು ದೊಡ್ಡದು ಕಟ್ಟತಿದ್ರು. ಬಸ್‌ಸ್ಟ್ಯಾಂಡ್ ಸೈತ ಅಲ್ಲೇ ಆಗತೈತಿ. ರಸ್ತಾದ ಬಾಜೂಕ ಮೊದಲಿಂದ ಇದ್ದವ್ರಿಗೆ ಅದರಾಗ ಅಂಗಡಿಗೆ ಜಾಗಾ ಕೊಡ್ತಾರಂತ. ಬಾಳಗೊಂಡಗ ಒಂದು ಸಿಕ್ಕೇತಿ."

ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ನಾಗೂಬಾಯಿ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಸುಳ್ಳು ಸಿಗಲಿಲ್ಲ. ಬಾಳಗೊಂಡನನ್ನು ಬೈಯೋಣವೆಂದರೆ ಅವನು ಏನೂ ಮಾಡಿರಲಿಲ್ಲ. ಮಾಡಿದವಳು ತಾನೇ ಎಂದು ಯಾರಿಗೂ ಹೇಳುವಂತಿರಲಿಲ್ಲ.

ಮುಂದಿನ ಹಂಗಾಮಿಗೆ ಫಾಟಾ ಬರಿದಾಯಿತು. ಎಸ್‌ಟಿಯೂ ದಾರಿ ಬದಲಿಸಿತು. ಟ್ರಕ್ಕಿಗೆ ಹೆದರಿ ಇಷ್ಟು ವರ್ಷ ಕುರಿಗಳನ್ನು ಗಟಾರದ ಅಂಚಿನಲ್ಲಿ ನಡೆಸುತ್ತಿದ್ದ ಹಾಲಸಿದ್ದ ಈಗ ಡಾಂಬರಿನ ನಟ್ಟನಡುವೆ ರಾಜನಂತೆ ಬರುತ್ತಿದ್ದ. "ಸರಕಾರ ನಮ್ಮ ಕುರಿಗೆ ರಸ್ತಾ ಬಿಟ್ಟುಕೊಟ್ಟೈತಿ ನಾಗೂ" ಎಂದು ಮೊದಮೊದಲು ನಕ್ಕ. ತಣ್ಣನೆಯ ಒಲೆಯ ಮುಂದೆ ಅವಳು ಕೂತ ರೀತಿ ನೋಡಿ ಆಮೇಲೆ ಆ ಮಾತು ಬಿಟ್ಟ. ಊಟಕ್ಕೂ ತಾನಾಗಿ ಕೇಳದಾದ.

ಅದೇ ವರ್ಷ ಎಣಿಸುವವರು ಮಾಳದ ರಸ್ತೆಯಲ್ಲಿ ಮತ್ತೆ ಕೂತಿದ್ದಾರೆಂದು ಸುದ್ದಿ ಬಂತು. ನಾಗೂಬಾಯಿ ಕಿಟ್ಲಿಯ ತುಂಬ ಚಹಾ ಕಾಸಿ, ಸೆರಗು ಸುತ್ತಿ, ಹೊಲದ ಬದುವಿನ ಮೇಲೆ ನಡೆದು ಅಲ್ಲಿಗೆ ಹೋದಳು. ಗಾಡಿಗಳು ನಿಲ್ಲದೆ ಹೋಗುತ್ತಿದ್ದವು. ಧನಪಾಲನ ಕೈ ಗೀಟು ಹಾಕುವುದರಲ್ಲೇ ಮುಳುಗಿತ್ತು. ಅವಳು ಗ್ಲಾಸು ತುಂಬಿ ಮುಂದಿಟ್ಟಳು.

"ಸಾಹೇಬ್ರ, ನಮ್ಮ ರಸ್ತಾಕ್ಕೂ ಒಂದ ದಿನ ಬಂದು ಕುಂಡರ್ರಿ."

"ಅಲ್ಲಿ ಏನ ಹೋಗ್ತಾವ ಅಂತ ಎಣಸಲ್ರಿ ಬಾಯಿ?"

ನಾಗೂಬಾಯಿ ಗ್ಲಾಸನ್ನು ಅವನ ಕೈಗೆ ಇನ್ನಷ್ಟು ಹತ್ತಿರ ಸರಿಸಿದಳು. ಆಮೇಲೆ, ತವರಿನಲ್ಲಿ ಯಾರೂ ಆಡದ ಮಾತನ್ನು ಆಡಿದಳು.

"ನಮ್ಮ ಕುರಿ ಹೋಗ್ತಾವಲ್ರಿ. ಅವನ್ನರ ಎಣಿಸಿ ಬರಕೊಳ್ರಿ."

ಧನಪಾಲ ತಲೆಯೆತ್ತಿ ನೋಡಿದ. ನಗು ಬರಬೇಕಿತ್ತು, ಬರಲಿಲ್ಲ. "ಕುರಿಗೆ ಖಾನೆ ಇಲ್ರಿ ಬಾಯಿ" ಎಂದು ಮೆಲ್ಲಗೆ ಅಂದು ಮತ್ತೆ ಕಾಗದಕ್ಕೆ ಬಗ್ಗಿದ.

ಅವಳು ಹಿಂದಿರುಗಿದಾಗ ಹಾಲಸಿದ್ದ ಮೋರಿಯ ಮೇಲೆ ಕುರಿಗಳ ನಡುವೆ ನಿಂತು ಕಾಯುತ್ತಿದ್ದ.

"ಏನಂದ್ರು?"

"ಬರ್ತೇನಿ ಅಂದಾನ. ಮುಂದಿನ ವರ್ಷ ಇಲ್ಲೇ ಕುಂಡರತಾರಂತ."

ಹಾಲಸಿದ್ದ ಅವಳ ಮುಖವನ್ನೇ ನೋಡಿದ, ಅವಳು ಇಷ್ಟು ವರ್ಷ ಎಲ್ಲರ ಮುಖ ನೋಡಿದ ಹಾಗೆ. "ಖರೇನ?" ಎಂದು ಕೇಳಿದ. ಮದುವೆಯಾದಾಗಿನಿಂದ ಅವನು ಹೆಂಡತಿಯನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಕುರಿ ಹೊಡೀರಿ, ಹೊತ್ತಾತು" ಅಂದಳು ನಾಗೂಬಾಯಿ, ಅವನ ಕಡೆ ನೋಡದೆ.