ಮಾಮಾನ ಮುಖದಲ್ಲಿ ಬಂದವಳು

ಮಾಮಾನ ಮುಂಗೈ ಕೂದಲು ಎಷ್ಟು ದಟ್ಟವಾಗಿತ್ತೆಂದರೆ, ಸಂಜೆ ಜೇವರ್ಗಿಯ ಅಡತಿ ಅಂಗಡಿಯಿಂದ ಮನೆಗೆ ಬಂದಾಗ ಅದರಲ್ಲಿ ತೊಗರಿಯ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ಆರಿಸಿ ತೆಗೆಯುತ್ತ ಕೂರುತ್ತಿದ್ದೆ. ಅವನು ಅಲ್ಲಿ ತೊಗರಿಯ ಸವಾಲು, ಅಂದರೆ ಹರಾಜು, ಕೂಗುವವನು. ಲಾರಿಗಳ ಸದ್ದನ್ನು ದಾಟಿ ಅವನ ದನಿ ಕೇಳುತ್ತಿತ್ತು.

ನನ್ನನ್ನು ಹೆತ್ತ ಕೆಲವೇ ದಿನಕ್ಕೆ ಅವ್ವ ಜ್ವರದಲ್ಲಿ ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಇಲ್ಲ. ಕೊಳಕೂರದ ಮನೆಯಲ್ಲಿ ನನ್ನನ್ನು ಬೆಳೆಸಿದವರು ಅವಳ ಅಣ್ಣನಾದ ಈ ಮಾಮಾ ಮತ್ತು ಅವರ ತಾಯಿ, ನಮ್ಮ ಆಯಿ. ಮಾಮಾ ಮದುವೆಯಾಗಲಿಲ್ಲ. “ಅವ್ವ ಹೆಂಗಿದ್ಳು?” ಎಂದು ಕೇಳಿದರೆ, “ಛಲೋ ಇದ್ಳು” ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದ.

ಅರವತ್ತು ದಾಟಿದ ಮೇಲೆ ಅವನಿಗೆ ಮೂತ್ರ ಕಟ್ಟಿತು. ಕಲಬುರಗಿಗೆ ಕರೆದೊಯ್ದು ತೋರಿಸಿದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಎಲುಬಿಗೂ ಹಬ್ಬಿದೆ ಎಂದರು.

ಡಾಕ್ಟರು ಬಿಡಿಸಿ ಹೇಳಿದರು: “ನೋಡ್ರಿ, ಗಂಡಸಿನ ಹಾರ್ಮೋನ್ ಉಂಡು ಈ ಬ್ಯಾನಿ ಬೆಳೀತದ. ಸೂಜಿ ಹಾಕಿ ಅದು ತಯಾರಾಗೋದನ್ನ ನಿಲ್ಲಸ್ತೇವಿ. ಮೊದಲ ಸೂಜಿಗೆ ಅದು ಸ್ವಲ್ಪ ದಿನ ಉಕ್ಕತದ. ಉಕ್ಕಿದ್ದು ಬ್ಯಾನಿಗೆ ಮುಟ್ಟಬಾರದಂತ ಗುಳಿಗಿ ಮೊದಲೇ ಕೊಡಾಕತ್ತೇನಿ. ಮೈಕೂದಲ ಉದರ್ತಾವ, ಎದಿ ಉಬ್ಬತದ, ಮೈ ಮೆತ್ತಗಾಗ್ತದ. ದನಿ ಮಾತ್ರ ಬದಲಾಗಂಗಿಲ್ಲ.”

“ದನಿ ಉಳದ್ರ ಸಾಕ್ರಿ,” ಎಂದ ಮಾಮಾ. “ನನ್ನ ಹೊಟ್ಟಿ ಅದರ ಮ್ಯಾಲೇ ಅದ.”

ಔಷಧ ನಾಟಿತು, ನೋವು ಹೋಯಿತು. ಆದರೆ ಮಾಗಿಯ ಚಳಿಯಲ್ಲೂ ಇದ್ದಕ್ಕಿದ್ದಂತೆ ಅವನ ಕತ್ತು ಕೆಂಪಾಗಿ ಬೆವರಿಳಿಯುತ್ತಿತ್ತು. “ಯಾರೋ ಬೆನ್ನಿಗೆ ಬಿಸಿ ಉಸುರ ಬಿಟ್ಟಂಗ ಆಗ್ತದ” ಎಂದು ಹಿಂದೆ ತಿರುಗಿ ನೋಡುತ್ತಿದ್ದ. ಬರಬರುತ್ತ ಕೈಗಳು ನುಣ್ಣಗಾದವು, ಕೆನ್ನೆ ತುಂಬಿದವು. ಮೀಸೆ ತೆಳುವಾದದ್ದಕ್ಕೆ ನಾಚಿ ಒಂದು ಬೆಳಿಗ್ಗೆ ಅದನ್ನು ಬೋಳಿಸಿಕೊಂಡ. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಕನ್ನಡಿಯ ಮೇಲೊಂದು ಬಟ್ಟೆ ಇಳಿಬಿಟ್ಟ. ಏಕೆಂದು ನನಗೆ ತಿಳಿಯಲಿಲ್ಲ.

ತಿಳಿದದ್ದು ಆಯಿಯಿಂದ. ಅವಳ ಕಣ್ಣು ಮಂಜಾಗಿತ್ತು. ಬೇಸಗೆಯ ಮಧ್ಯಾಹ್ನ ಊರಿಗೆ ಊರೇ ಉಸಿರುಗಟ್ಟಿ ಕೂತಿತ್ತು. ಬಿಸಿಲಿಗೆ ತಲೆಯ ಮೇಲೆ ಟವೆಲ್ ಹೊದ್ದು ಮಾಮಾ ಬಾಗಿಲಲ್ಲಿ ಬಂದು ನಿಂತ. ಮೆಂತ್ಯ ಸೋಸುತ್ತಿದ್ದ ಆಯಿಯ ಕೈ ನಿಂತಿತು.

“ಸಣ್ಣಾಕಿ, ಬಂದೀ ಏನಬೇ?”

ಮನೆಯಲ್ಲಿ ಹಾಗೆ ಕರೆಯುತ್ತಿದ್ದದ್ದು ನಮ್ಮವ್ವನನ್ನು ಮಾತ್ರ. ಆಯಿ ಎದ್ದು ಹೋಗಿ ಅವನ ಗದ್ದ ಹಿಡಿದಳು, ಕೆನ್ನೆ ಸವರಿದಳು.

“ಅಲ್ಲಿ ಹೋದ್ರೂ ವಯಸ್ಸ ಆಗ್ತದೇನಬೇ?”

ಮಾಮಾ ಬಾಯಿ ತೆರೆದ. ಒಂದೇ ಒಂದು ಮಾತು ಹೊರಬಂದಿದ್ದರೆ ಅವಳು ಮಗನನ್ನು ಗುರುತಿಸಿಬಿಡುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡ. ಅವಳ ಕೈ ಹಿಡಿದು ಒಳಗೆ ಕರೆದೊಯ್ದು ಪಕ್ಕದಲ್ಲಿ ಕೂತ.

ಅಂದಿನಿಂದ ಆಯಿಯ ಎದುರು ಅವನು ಮಾತಾಡಲಿಲ್ಲ. ಅಂಗಡಿಗೆ ಹೋಗಿ ಅಲ್ಲಿಂದ ಫೋನ್ ಮಾಡುತ್ತಿದ್ದ. ನಾನು ಫೋನನ್ನು ಆಯಿಯ ಕಿವಿಗೆ ಹಿಡಿಯುತ್ತಿದ್ದೆ.

“ಯವ್ವಾ, ಉಂಡೀ?”

“ಉಂಡೇನಿ. ನಿನ್ನ ತಂಗಿ ಬಂದಾಳ, ಲಗೂ ಮನೀಗಿ ಬಾರೋ.”

“ಬರ್ತೇನಿ,” ಎಂದು ಅವನು ಫೋನ್ ಇಟ್ಟುಬಿಡುತ್ತಿದ್ದ.

“ಯಾಕ ಮಾಮಾ ಹಿಂಗ ಮಾಡ್ತಿ? ಅಂಜಿಕಿ ಬರ್ತದ ನನಗ,” ಎಂದೆ ಒಮ್ಮೆ.

“ನನಗೂ ಬರ್ತದ ಯವ್ವಾ. ಆದ್ರ ಆಕಿ ನಗಾಕತ್ತಾಳಲ್ಲ,” ಎಂದ.

ಮರುವರ್ಷ ಆಯಿ ಹೋದಳು. ಮಾಮಾನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು; ಅವಳ ಪಾಲಿಗೆ ಅದು ಮಗಳ ಕೈ.

ಆಮೇಲೆ ಬ್ಯಾನಿ ಔಷಧಕ್ಕೆ ಬಗ್ಗದಾಯಿತು. ಎಲುಬಿನ ನೋವು ಮರಳಿತು. ಹಾಸಿಗೆ ಹಿಡಿದಿದ್ದ ಮಾಮಾ ಒಂದು ಬೆಳಿಗ್ಗೆ ನನ್ನ ಹೆಗಲು ಹಿಡಿದು ಅಂಗಳಕ್ಕೆ ಬಂದ. ಎಳೆಬಿಸಿಲಿಗೆ ಮುಖವೊಡ್ಡಿ ಕೂತ.

“ನಿಮ್ಮವ್ವ ಹೆಂಗಿದ್ಳಂತ ಕೇಳ್ತಿದ್ದೀಯಲ್ಲ? ನನಗ ಹೇಳಾಕ ಬರ್ತಿದ್ದಿಲ್ಲ. ನೋಡ್ಕೋ. ನಾ ಮಾತಾಡಂಗಿಲ್ಲ.”

ಮೊದಲು ನನಗೆ ಕಣ್ಣೆತ್ತಲಾಗಲಿಲ್ಲ. ಆಮೇಲೆ ನೋಡಿದೆ. ಹಣೆ, ತುಟಿಯ ಅಂಚು, ಕೆನ್ನೆಯ ಇಳಿಜಾರು. ಬಿಸಿಲು ಏರಿದರೂ ಅವನು ಕದಲಲಿಲ್ಲ. ನೋಡುತ್ತ ನೋಡುತ್ತ ಅಂಜಿಕೆ ಹೋಯಿತು. “ಅವ್ವಾ” ಎಂದೆ. ಒಬ್ಬರ ಮುಖ ನೋಡಿ ನಾನು ಹಾಗೆ ಕರೆದದ್ದು ಅದೇ ಮೊದಲು.

ಆ ವಾರವೇ ಮಾಮಾನನ್ನು ಮಣ್ಣು ಮಾಡಿ ಬಂದೆವು. ಸಾಕಿದ ಮಾಮಾ ಹೋದನೆಂದು ಜನ ನನ್ನನ್ನು ಸಮಾಧಾನ ಮಾಡಿದರು. ನಾನು ಅತ್ತದ್ದು ಇಬ್ಬರಿಗಾಗಿ.