ಅಕ್ಕೋರ ಫ್ಲಾಪಿಯ ಒಂದು ಸಾಲು

ಹಳೆಯ ಡಬ್ಬಿ ಒರೆಸುವಾಗ ಒಂದು ಫ್ಲಾಪಿ ಸಿಕ್ಕಿತು. ಅದಕ್ಕೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ‘ಸರದಿ’ ಎಂದು ಬರೆದಿತ್ತು. ಅಕ್ಕೋರ ಕೈಬರಹ...

ಎರಡು ಸಾವಿರದ ಆಸುಪಾಸಿನಲ್ಲಿ ಶಿರಸಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಅವರು ನಮಗೆ ಕಲಿಸುತ್ತಿದ್ದರು. ದನದ ಡಾಕ್ಟರಿಗೆಂದು ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದರು. ಯಾರೂ ಕೇಳದಿದ್ದರೂ ಅದು ಬೆಳಿಗ್ಗೆ ತಾನೇ ಪಟ್ಟಿ ತೆರೆದು, ಯಾವ ದನಕ್ಕೆ ಇಂಜೆಕ್ಷನ್ನಿನ ಸರದಿ ಬಂದಿದೆ ಎಂದು ಹೆಕ್ಕಿ ತೋರಿಸುತ್ತಿತ್ತು. ಹೀಗೆ ತಾನಾಗಿ ಕೆಲಸ ಮಾಡುವುದಕ್ಕೆ ಏಜೆಂಟ್ ಎನ್ನುತ್ತಾರೆಂದು ಹೇಳಿದ್ದೂ ಅವರೇ. ಸರದಿ ನೋಡುವ ಭಾಗವನ್ನಷ್ಟೇ ಬೇರೆ ಮಾಡಿ ಈ ಫ್ಲಾಪಿಯಲ್ಲಿ ಇಟ್ಟಿದ್ದರು. ಇನ್ನೊಂದು ಪ್ರೋಗ್ರಾಮಿಗೆ ಬೇಕಾದರೆ ಇರಲಿ ಎಂದು.

ಆಸ್ಪತ್ರೆಗೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ರಕ್ತದಾನಿಗಳ ಪಟ್ಟಿಗೆ ಪ್ರೋಗ್ರಾಂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೊದಲಿನಿಂದ ಬರೆಯತೊಡಗಿದ್ದೆ. ಅಕ್ಕೋರು ಹಿಂದೆ ಬಂದು ನಿಂತರು.

“ಎಂತಕ್ಕೆ ಮತ್ತೆ ಬರೀತೆ ಕೂಸೆ? ಬರದಿಟ್ಟಿದ್ದು ಇದ್ದಲೇ.”

“ಅದು ದನದ್ದಲ್ದ ಅಕ್ಕೋರೆ?”

“ಕೆಲ್ಸ ಕಲ್ತ ಆಳು ಇದ್ದಾಂಗೆ ಅದು. ಯಾರ ಮನೆಗೂ ಕರ್ಕಂಡು ಹೋಗಲಕ್ಕು. ಹಳೆ ಮನೆಲಿ ಎಂತ ಕಲ್ತು ಬಂದಿದ್ದು ಹೇಳಿ ಒಂದ್ಸಲ ನೋಡ್ಕ್ಯ, ಅಷ್ಟೇಯ.”

ನಾನು ನೋಡಲಿಲ್ಲ. ಜೋಡಿಸಿದ ಕೂಡಲೇ ಅದು ನಡೆಯಿತು, ನನಗೆ ಅಷ್ಟೇ ಸಾಕಾಗಿತ್ತು. ರಕ್ತ ಕೊಡುವ ಸರದಿ ಬಂದವರ ಹೆಸರುಗಳು ದಿನವೂ ಬರುತ್ತಿದ್ದವು. ಎಲ್ಲವೂ ಶಿರಸಿಯವರದೇ ಎಂದು ಯಾರಿಗೂ ಹೊಳೆಯಲಿಲ್ಲ.

ಮರುವರ್ಷ ಅಕ್ಕೋರಿಗೆ ಹೊಟ್ಟೆಯ ಆಪರೇಷನ್ ಆಯಿತು. ರಕ್ತಸ್ರಾವ ನಿಲ್ಲಲಿಲ್ಲ. ಮಧ್ಯಾಹ್ನ ಅವರ ತಮ್ಮ ಓಡಿಬಂದ. ಬೇಕಾಗಿದ್ದುದು ಒ ನೆಗೆಟಿವ್. ನಾನು ಪ್ರೋಗ್ರಾಮನ್ನು ಕೇಳಿದೆ. ಪರದೆಯ ಮೇಲೆ ‘ಯಾರೂ ಇಲ್ಲ’ ಎಂದು ಬಂತು. ಹುಬ್ಬಳ್ಳಿಗೆ ಫೋನ್ ಮಾಡಿದೆವು. ಅಲ್ಲಿಂದ ರಕ್ತ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅಕ್ಕೋರು ಇರಲಿಲ್ಲ.

ವಾರದ ಮೇಲೆ ದಾನಿಗಳ ರಿಜಿಸ್ಟರನ್ನು ಕೈಯಲ್ಲಿ ತಿರುವಿದೆ. ಯಲ್ಲಾಪುರದ ಪುಟದಲ್ಲಿ ಇಬ್ಬರು ಒ ನೆಗೆಟಿವ್ ಇದ್ದರು. ಆಮೇಲೆ ಸರದಿಯ ಭಾಗ ತೆರೆದು ಒಂದೊಂದೇ ಸಾಲು ಓದಿದೆ. ಶಿರಸಿ ತಾಲೂಕಿನ ಹೆಸರುಗಳನ್ನು ಮಾತ್ರ ನೋಡು ಎಂದು ಒಂದು ಸಾಲಿತ್ತು. ದನದ ಡಾಕ್ಟರು ಶಿರಸಿ ಬಿಟ್ಟು ಹೋಗುತ್ತಿರಲಿಲ್ಲವಲ್ಲ...

ಅವರ ತಮ್ಮನ ಮುಂದೆ ಎಲ್ಲ ಹೇಳಿದೆ. “ಆ ಸಾಲು ಮೊದ್ಲು ಬರದಿದ್ದು ಅಕ್ಕನೇ ಅಲ್ದ?” ಎಂದ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಆ ಮಧ್ಯಾಹ್ನವೇ ಯಲ್ಲಾಪುರದ ಇಬ್ಬರು ಬಂದಿದ್ದರೆ ಅಕ್ಕೋರು ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರೂ ಹೇಳಲಿಲ್ಲ. ಕೆಲಸದ ಮೇಲೆ ಈಗಲೂ ಆಗಾಗ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುತ್ತೇನೆ. ಬಸ್ಸು ಹೊರಡುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಗಡಿಯಾರ ನೋಡುತ್ತೇನೆ. ಎಷ್ಟೇ ನಿಧಾನವಾದರೂ ಎರಡು ತಾಸು ದಾಟುವುದಿಲ್ಲ.