ಗೆಕ್-ಲಾನ್‌ಳ ಪಾದಗಳು

ತೈವಾನಿನ ತೈನಾನ್ ಊರಾಚೆಯ ಗುಡ್ಡದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ಅರವತ್ತೊಂಬತ್ತರ ಲಾಯ್ ಖಿಮ್-ಸಿಂಗ್ ಮೊಣಕಾಲೂರಿ ಕುಳಿತು, ಮಣ್ಣಿನ ಭರಣಿಯೊಂದರ ಮುಚ್ಚಳವನ್ನು ಉಳಿಯಿಂದ ಬಿಡಿಸುತ್ತಿದ್ದಾರೆ. ಮಗಳು ಸಿಯೊಕ್-ಬಿ ಅದರ ಮೇಲೆ ಕಪ್ಪು ಕೊಡೆ ಹಿಡಿದಿದ್ದಾಳೆ. ಸತ್ತವರ ಮೂಳೆಗೆ ಬಿಸಿಲು ತಾಗಬಾರದು. ಭರಣಿಯ ಮೇಲಿರುವುದು ಲಾಯ್ ಅವರ ಹೆಂಡತಿ ಗೆಕ್-ಲಾನ್‌ಳ ಹೆಸರು. ತಿಂಗಳ ಹಿಂದೆ ಅದನ್ನು ಮುಚ್ಚಿದವರೂ ಅವರೇ.

ಹೂತು ಏಳು ವರ್ಷವಾದ ಮೇಲೆ ಮೂಳೆಗಳನ್ನು ತೆಗೆದು, ಒರೆಸಿ, ನೆರಳಲ್ಲಿ ಒಣಗಿಸಿ ಭರಣಿಯೊಳಗೆ ಕೂರಿಸುವುದು ಲಾಯ್ ಅವರ ನಲವತ್ತೊಂದು ವರ್ಷದ ಕಸುಬು. ಮೊದಲು ಪಾದ. ಆಮೇಲೆ ಮೊಣಕಾಲು ಮಡಚಿ, ಬೆನ್ನು ಬಾಗಿಸಿ, ಹೊಟ್ಟೆಯೊಳಗಿನ ಮಗುವಿನಂತೆ. ಕೊನೆಗೆ ಕೆಂಪು ಬಟ್ಟೆ ಸುತ್ತಿ ಕಣ್ಣು, ಬಾಯಿ ಬರೆದ ತಲೆ. ಮುಖ ಭರಣಿಯ ಮೇಲೆ ಹೆಸರಿರುವ ಕಡೆಗೆ. ಹೇಗೆ ಕೂರಿಸಿದರೋ ಹಾಗೆಯೇ ಮುಂದಿನ ಹುಟ್ಟು. ಎರಡು ಸಾವಿರದ ಮುನ್ನೂರು ಜನರನ್ನು ಕೂರಿಸಿದ್ದಾರೆ, ಒಂದು ಬೆರಳೂ ತಪ್ಪಿಲ್ಲ. ಆದರೂ ಅವರನ್ನು ಮದುವೆಗೆ ಕರೆಯುವವರಿಲ್ಲ.

ಚಕ್ಕೋತದ ಎಲೆ ಹಾಕಿದ ನೀರಲ್ಲಿ ಕೈ ತೊಳೆಸದೆ ಗೆಕ್-ಲಾನ್ ಅವರಿಗೆ ಅನ್ನದ ಪಾತ್ರೆ ಮುಟ್ಟಗೊಡುತ್ತಿರಲಿಲ್ಲ. "ನನ್ನ ಸರದಿ ಬಂದಾಗ ಅವಸರ ಮಾಡ್ಬೇಡಿ ಮತ್ತೆ" ಎಂದು ಛೇಡಿಸುತ್ತಿದ್ದಳಂತೆ.

ಈ ವಾರ ಮೂರು ರಾತ್ರಿ ಅವಳು ಮಗಳ ಕನಸಿನಲ್ಲಿ ಅಡುಗೆಮನೆಗೆ ಬಂದಿದ್ದಾಳೆ, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ, ಮುಖ ತೋರಿಸದೆ. ಅದನ್ನು ಕೇಳಿದ ಲಾಯ್ ಉಣ್ಣುತ್ತಿದ್ದ ಬಟ್ಟಲನ್ನು ಕೆಳಗಿಟ್ಟರು. ಹಾಗೆಯೇ ಹುಟ್ಟಿಬಿಟ್ಟರೆ?

ಮುಚ್ಚಳ ಏಳುತ್ತದೆ. ಹೆಸರಿನ ಕಡೆ ಬರೆದ ಕಣ್ಣುಗಳಿಲ್ಲ, ಬರೀ ಕೆಂಪು ಬಟ್ಟೆ. ತಲೆ ಹಿಂದಕ್ಕೆ ತಿರುಗಿದೆ. ಲಾಯ್ ಒಂದೊಂದೇ ಮೂಳೆ ತೆಗೆದಿಡುತ್ತ ತಳ ಮುಟ್ಟುತ್ತಾರೆ. ಎರಡೂ ಪಾದಗಳ ಬೆರಳು ಹಿಂದಕ್ಕಿವೆ.

"ಪಾದ ನನ್ನ ತಪ್ಪು. ಅವತ್ತು ಕಣ್ಣು ಮಂಜಾಗಿತ್ತು" ಎನ್ನುತ್ತಾರೆ. "ತಲೆ ಮಾತ್ರ ನಾನು ತಿರುಗಿಸಿದ್ದಲ್ಲ."

"ಮತ್ತೆ ಯಾರಪ್ಪಾ?"

"ಅವಳೇ. ನಡಿಯೋ ದಾರಿ ನೋಡ್ಕೋಬೇಕಲ್ಲ."

ಸಿಯೊಕ್-ಬಿ ಕೊಡೆಯನ್ನು ಇನ್ನಷ್ಟು ಕೆಳಗಿಳಿಸುತ್ತಾಳೆ. ಲಾಯ್ ಪಾದಗಳನ್ನು ಮತ್ತೆ ಜೋಡಿಸುತ್ತಾರೆ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಮೂರು ಸಲ ಮುಟ್ಟಿ ನೋಡುತ್ತಾರೆ. ಉಳಿದ ಮೂಳೆಗಳನ್ನು ಕೂರಿಸಿ, ಕೊನೆಗೆ ತಲೆಯಿಟ್ಟು, ಬರೆದ ಕಣ್ಣುಗಳನ್ನು ಹೆಸರಿನತ್ತ ತಿರುಗಿಸಿ, "ಈಗ ಮುಂದಕ್ಕೆ ನಡಿ, ಲಾನ್" ಎಂದು ಮುಚ್ಚಳ ಮುಚ್ಚುತ್ತಾರೆ.

ಅವರಿಗೆ ಇನ್ನೇನೂ ಬೇಕಿಲ್ಲ, ತಮ್ಮನ್ನು ಕೂರಿಸಲು ಕೆಲಸ ಬಲ್ಲ ಒಬ್ಬರು ಸಿಕ್ಕರೆ ಸಾಕು. ತಾನೇ ಕಲಿಯುತ್ತೇನೆ ಎನ್ನುತ್ತಾಳೆ ಮಗಳು.

ಲಾಯ್ ಅವಳ ಕೈಯಿಂದ ಕೊಡೆ ತೆಗೆದುಕೊಂಡು ಮಡಚುತ್ತಾರೆ.

"ನೀನು ಬೇಡಮ್ಮ. ನೀನು ಅಳ್ತೀಯ."